ಏನಿಲ್ಲ, ಕೊಬ್ಬರಿ

ನೋವು ಎದೆಯ ನಡುವಿನಿಂದ ಸ್ವಲ್ಪ ಎಡಕ್ಕೆ ಶುರುವಾಗುತ್ತಿತ್ತು. ಎರಡು ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಜಾಗ. ಮೊದಲು ಅಲ್ಲೊಂದು ಬಿಗಿತ. ಸ್ವಲ್ಪ ಹೊತ್ತಿಗೆ ಅದರ ಕೆಳಗಿನಿಂದ ಉರಿ ಏರಿ ಗಂಟಲಿಗೆ ಬರುತ್ತಿತ್ತು, ಬಾಯಲ್ಲಿ ಹುಳಿನೀರು ಊರುತ್ತಿತ್ತು. ಅಷ್ಟರಲ್ಲಿ ಎಡಗೈ ಭಾರವಾಗಿ, ಬೆರಳ ತುದಿಗಳು ತಣ್ಣಗಾಗಿ, ಎಷ್ಟು ಎಳೆದುಕೊಂಡರೂ ಉಸಿರು ಅರ್ಧಕ್ಕೇ ನಿಂತಂತಾಗುತ್ತಿತ್ತು. ಇದು ಹೊಟ್ಟೆಯದೋ ಹೃದಯದ್ದೋ ಎಂದು ಪ್ರತಿ ಸಲವೂ ವಿಂಗಡಿಸಲು ನೋಡುತ್ತಿದ್ದೆ. ನಾನು ಓದಿದ್ದು ರಸಾಯನಶಾಸ್ತ್ರ. ಕೈಗೆ ಕೊಟ್ಟ ಪುಡಿಯಲ್ಲಿ ಯಾವ ಯಾವ ಲವಣ ಬೆರೆತಿದೆ ಎಂದು ಬೇರೆ ಮಾಡಿ ಹೇಳುವುದನ್ನು ವರ್ಷಗಟ್ಟಲೆ ಕಲಿತಿದ್ದೇನೆ. ಈ ನೋವಿನಲ್ಲಿ ಏನೇನು ಬೆರೆತಿದೆ ಎಂದು ಹೇಳಲು ನನಗೆ ಆಗಲಿಲ್ಲ.

ಮೊದಲ ಸಲ ಬಂದದ್ದು ತರಗತಿಯಲ್ಲಿ. ತಿಪಟೂರಿನ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಹೊನ್ನವಳ್ಳಿ ಕಡೆಯ ನಮ್ಮೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅತಿಥಿ ಉಪನ್ಯಾಸಕರೆಂದರೆ ಪಾಠದ ಗಂಟೆಗಳು, ಅಷ್ಟೆ. ವೇಳಾಪಟ್ಟಿಯಲ್ಲಿ ಗಂಟೆ ಇದ್ದರೆ ನಾವು ಉಂಟು, ಆ ಗಂಟೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ನಾವು ಇಲ್ಲ. ನನ್ನ ಸಂಬಳವನ್ನು ನೆಚ್ಚಿಕೊಂಡು ನಮ್ಮ ಮನೆ ನಡೆಯುತ್ತಿಲ್ಲ. ಆದರೆ ಮನೆಯಲ್ಲಿ ನಾನು ಮಾತು ಕಡಿಮೆಯವಳು. ನಾಲ್ಕು ಜನ ಸೇರಿದ ಕಡೆ ಒಂದು ವಾಕ್ಯವನ್ನು ಪೂರ್ತಿ ಮಾಡುವಷ್ಟರಲ್ಲಿ ಬೆವರುತ್ತೇನೆ. ಬೋರ್ಡಿನ ಮುಂದೆ ಮಾತ್ರ ಒಂದು ಗಂಟೆ ನಿಲ್ಲಿಸದೆ ಮಾತಾಡಬಲ್ಲೆ, ಅಲ್ಲಿ ನನಗೆ ಹೆದರಿಕೆ ಇರಲಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ ಜಾಗ. ನೋವು ಹುಡುಕಿಕೊಂಡು ಬಂದದ್ದೂ ಅಲ್ಲಿಗೇ.

ಅದನ್ನು ಕಂಡು ನಾನು ಅಷ್ಟು ಹೆದರಿದ್ದಕ್ಕೆ ಕಾರಣ ದೊಡ್ಡಪ್ಪ. ಅದನ್ನು ಹೇಳಬೇಕಾದರೆ ನಮ್ಮ ಮನೆಯ ಕೆಲಸವನ್ನೂ ಸ್ವಲ್ಪ ಹೇಳಬೇಕು. ನಮ್ಮದು ತೆಂಗಿನ ತೋಟದವರ ಮನೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟುಕೊಂಡು ಕೊಬ್ಬರಿಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಕರಟ ಒಡೆದು, ಕೊಬ್ಬರಿಯನ್ನು ಇಡೀ ಉಂಡೆಯಾಗಿಯೇ ಹೊರಗೆ ತೆಗೆಯಬೇಕು. ಏಟು ಸ್ವಲ್ಪ ಜೋರಾದರೆ ಉಂಡೆ ಸೀಳುತ್ತದೆ. ಸೀಳಿದ್ದು ಮಾರಾಟಕ್ಕೆ ಮಂಡಿಗೆ ಹೋಗುವ ಚೀಲಕ್ಕೆ ಸೇರುವುದಿಲ್ಲ, ಜಗಲಿಯ ಮೇಲಿನ ಮೊರಕ್ಕೆ ಬೀಳುತ್ತದೆ. ಆ ಮೊರಕ್ಕೆ ಒಡೆಯುವವರು, ನೋಡುತ್ತ ಕೂತವರು, ಮಾತಾಡಿಸಲು ಬಂದವರು ಯಾರು ಬೇಕಾದರೂ ಕೈಹಾಕಬಹುದು. ಮನೆಗೆ ಕಟ್ಟಿಕೊಂಡು ಹೋಗುವಂತಿಲ್ಲ, ಕೂತು ತಿಂದದ್ದಕ್ಕೆ ಲೆಕ್ಕವಿಲ್ಲ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೆಯೇ.

ದೊಡ್ಡಪ್ಪ ಹೋದದ್ದು ಹಾಗೆ ಕೊಬ್ಬರಿ ಒಡೆಯುತ್ತಿದ್ದ ಒಂದು ಬೆಳಿಗ್ಗೆ. ಜಗಲಿಯ ಮೇಲೆ ಕೂತು ಎದೆ ಉಜ್ಜಿಕೊಳ್ಳುತ್ತಿದ್ದರು. ಗ್ಯಾಸು ಅಂದರು. ದೊಡ್ಡಮ್ಮ ಒಳಗಿನಿಂದ ನಿಂಬೆಹಣ್ಣು, ಉಪ್ಪು ಹಾಕಿದ ಸೋಡಾ ತಂದುಕೊಟ್ಟರು. ಕುಡಿದು, ದೊಡ್ಡದೊಂದು ತೇಗು ತೇಗಿ, ಈಗ ಸರಿಹೋಯ್ತು ಎಂದರು. ಎದ್ದು ಕೈಕಾಲು ತೊಳೆಯಲು ನೀರಿನ ತೊಟ್ಟಿಯ ಹತ್ತಿರ ಹೋದವರು ಅಲ್ಲೇ ಕುಸಿದರು. ಕಾರಿನಲ್ಲಿ ಹಾಕಿಕೊಂಡು ತಿಪಟೂರು ಮುಟ್ಟುವಷ್ಟರಲ್ಲಿ ಏನೂ ಉಳಿದಿರಲಿಲ್ಲ. ಆ ಹೊತ್ತಿನಲ್ಲಿ ನಾನು ಜಗಲಿಯ ಇನ್ನೊಂದು ತುದಿಯಲ್ಲಿ ಉತ್ತರ ಪತ್ರಿಕೆ ನೋಡುತ್ತ ಕೂತಿದ್ದೆ. ತೇಗು ಕೇಳಿ ತಲೆ ಎತ್ತಿದವಳು, ಅವರ ಮುಖ ಹಗುರಾದದ್ದನ್ನು ಕಂಡು ಮತ್ತೆ ತಲೆ ತಗ್ಗಿಸಿದ್ದೆ.

ಆಮೇಲೆ ನಮ್ಮ ಮನೆಯಲ್ಲಿ ಗ್ಯಾಸು ಎಂಬ ಮಾತನ್ನು ಯಾರೂ ಆಡಲಿಲ್ಲ. ಹೀಗೆಂದು ಯಾರೂ ಗೊತ್ತುಮಾಡಿದ್ದಲ್ಲ, ಅದು ತಾನಾಗಿ ನಿಂತುಹೋಯಿತು. ಊಟವಾದ ಮೇಲೆ ಅಪ್ಪನಿಗೆ ತೇಗು ಬಂದರೆ ಎದ್ದು ಹಿತ್ತಲಿಗೆ ಹೋಗಿಬರುತ್ತಿದ್ದರು. ಬಂದ ನೆಂಟರು ಯಾರಾದರೂ ಗೊತ್ತಿಲ್ಲದೆ ಜೋರಾಗಿ ತೇಗಿದರೆ ಅಮ್ಮನ ಕೈ ಕೆಲಸ ಬಿಟ್ಟು ನಿಲ್ಲುತ್ತಿತ್ತು. ದೊಡ್ಡಮ್ಮ ಮಾತ್ರ ಏನೂ ಕೇಳಿಸದವರಂತೆ ಇರುತ್ತಿದ್ದರು.

ಹೀಗಾಗಿ ನನಗೆ ಬಂದ ನೋವನ್ನು ಮನೆಯಲ್ಲಿ ಹೇಳಲು ಮಾತೇ ಇರಲಿಲ್ಲ. ಹೇಳಬೇಕಾದರೆ ಆ ಒಂದು ಮಾತನ್ನೇ ಹೇಳಬೇಕಿತ್ತು. ಇನ್ನೂ ಕೆಟ್ಟದ್ದೆಂದರೆ, ಬೇರೆಯವರಿಗೆ ತೇಗು ಬಂದರೆ ಸಮಾಧಾನವಾಗುತ್ತದೆ, ನನಗೆ ಆಗಲೇ ಜೀವ ಹೋದಂತಾಗುತ್ತಿತ್ತು. ನೋವಿರುವಷ್ಟು ಹೊತ್ತು ಹೇಗೋ ತಡೆದುಕೊಂಡಿರುತ್ತಿದ್ದೆ. ತೇಗು ಬಂದು ಎದೆ ಹಗುರಾದ ಕೂಡಲೇ, ಇನ್ನು ತೊಟ್ಟಿಯವರೆಗೆ ನಡೆಯುವಷ್ಟು ಹೊತ್ತು ಮಾತ್ರ ಉಳಿದಿದೆ ಎನಿಸುತ್ತಿತ್ತು. ಹೃದಯ ಹೊಡೆದುಕೊಳ್ಳಲು ಶುರುವಾಗಿ, ಹೋದ ಬಿಗಿತ ಮತ್ತೆ ಬರುತ್ತಿತ್ತು. ಗುಣವಾಗುವುದೇ ಭಯವಾದರೆ ಮನುಷ್ಯರು ಯಾವುದಕ್ಕೆ ಕಾಯಬೇಕು?

ತಿಪಟೂರಿನಲ್ಲೇ ಇಸಿಜಿ ಮಾಡಿಸಿದೆ. ಕೈಕಾಲಿಗೆ ಕ್ಲಿಪ್ಪು ಹಾಕಿದ ನರ್ಸ್, ನನ್ನ ಕೈ ನಡುಗುವುದು ನಿಂತರೆ ತಾನೇ ಗೆರೆ ಸರಿಯಾಗಿ ಬರುವುದು ಎಂದು ಬೇಸರದಿಂದ ಕಾದಳು. ಡಾಕ್ಟರು ನೋಡಿ ಚೆನ್ನಾಗಿದೆ ಎಂದರು. ವಾರ ಕಳೆಯುವುದರೊಳಗೆ ಇನ್ನೊಂದು ಕಡೆ ಮಾಡಿಸಿದೆ. ಅಲ್ಲೂ ಚೆನ್ನಾಗಿತ್ತು. ತುಮಕೂರಿನಲ್ಲಿ ಕಾರ್ಯಾಗಾರವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋಗಿ, ಎಕೋ ಮಾಡಿಸಿ, ಓಡುವ ಪಟ್ಟಿಯ ಮೇಲೆ ಓಡಿಸುವ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದೆ. ಹೃದಯದಲ್ಲಿ ಏನೂ ಇಲ್ಲ ಎಂದರು. ವಾಪಸು ಬರುವಾಗ ಬಸ್ಸು ಗುಬ್ಬಿ ದಾಟುವವರೆಗೆ ಆ ಮಾತು ನನ್ನನ್ನು ಕಾಪಾಡಿತು. ಆಮೇಲೆ, ಪರೀಕ್ಷೆ ಮಾಡಿದ ಹೊತ್ತಿನಲ್ಲಿ ಏನೂ ಇರಲಿಲ್ಲ, ಈಗಿನದು ಅವರಿಗೇನು ಗೊತ್ತು ಎಂಬ ಯೋಚನೆ ಬಂತು. ನಿಜ ಹೇಳುವುದಾದರೆ, ಏನಾದರೂ ಒಂದು ಕಾಯಿಲೆ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಆ ದಿನಗಳಲ್ಲಿ ಎಷ್ಟೋ ಸಲ ಬಯಸಿದ್ದೇನೆ. ಹೆಸರಿದ್ದರೆ ಅದಕ್ಕೊಂದು ಪುಸ್ತಕವಿರುತ್ತದೆ, ಓದಬಹುದು. ಏನೂ ಇಲ್ಲ ಎಂಬುದನ್ನು ಎಲ್ಲಿ ಓದುವುದು?

ಬಸ್ಸಿನಲ್ಲಿ ಮುಂದಿನ ಬಾಗಿಲ ಹತ್ತಿರದ ಸೀಟೇ ಬೇಕಾಯಿತು. ಅದು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ದಾರಿಯಲ್ಲಿ ಔಷಧಿ ಅಂಗಡಿ ಎಲ್ಲೆಲ್ಲಿದೆ, ಎಲ್ಲಿಂದ ಎಲ್ಲಿಯವರೆಗೆ ಬರೀ ತೋಟ, ಯಾರೂ ಇಲ್ಲ ಎಂಬುದು ಬಾಯಿಪಾಠವಾಗಿತ್ತು. ತೋಟದ ಸಾಲು ಶುರುವಾದರೆ ಕೈ ತಾನಾಗಿ ನಾಡಿಯ ಮೇಲೆ ಹೋಗುತ್ತಿತ್ತು. ಒಮ್ಮೆ ತಡೆಯಲಾರದೆ ನಡುದಾರಿಯಲ್ಲೇ ಇಳಿದುಬಿಟ್ಟೆ. ಕಂಡಕ್ಟರು, ಇಲ್ಲಿ ಯಾರ ಮನೆ ಇದೆ ಮೇಡಂ ಎಂದು ಕೇಳಿದ್ದಕ್ಕೆ ನೆಂಟರದು ಎಂದೆ. ಬಸ್ಸು ಹೋದ ಮೇಲೆ ಯಾರದೋ ಮೋಟರ್ ಮನೆಯ ಗೋಡೆಗೆ ಒರಗಿ ಕೂತೆ. ಅಷ್ಟುದ್ದಕ್ಕೂ ತೆಂಗಿನ ಮರಗಳು, ನೆಲದ ಮೇಲೆ ಅವುಗಳ ನೆರಳು, ಮನುಷ್ಯರ ಸುಳಿವಿಲ್ಲ. ಇಳಿದದ್ದು ಇನ್ನೂ ದೊಡ್ಡ ತಪ್ಪು ಎಂದು ಆಗ ಗೊತ್ತಾಯಿತು. ಪರ್ಸಿನಿಂದ ಒಂದು ಚೂರು ಕೊಬ್ಬರಿ ತೆಗೆದು ಬಾಯಿಗೆ ಹಾಕಿಕೊಂಡು, ಅದನ್ನು ಮೆಲ್ಲಗೆ ಅಗಿಯುತ್ತ, ಅಗಿಯಲು ಆಗುತ್ತಿದೆ ಎಂದರೆ ಬದುಕಿದ್ದೇನೆ ಎಂದು ಹೇಳಿಕೊಳ್ಳುತ್ತ ಮುಂದಿನ ಬಸ್ಸಿಗೆ ಕಾದೆ.

ತಿಪಟೂರಿನಲ್ಲಿ ಒಬ್ಬ ಹಳೆಯ ವೈದ್ಯರಿದ್ದಾರೆ. ಕೊನೆಗೆ ಅವರ ಬಳಿ ಹೋದೆ. ನನ್ನ ವರದಿಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟು, ಏನೇನು ತಿನ್ನುತ್ತೀಯ ಎಂದು ಕೇಳಿದರು. ನಾನು ಸರಿಯಾಗಿಯೇ ಹೇಳಿದೆ. ಬೆಳಿಗ್ಗೆ ಒಂದು ರಾಗಿ ರೊಟ್ಟಿ, ಇಲ್ಲವೇ ಎರಡು ಇಡ್ಲಿ. ಮಧ್ಯಾಹ್ನ ಡಬ್ಬಿಯಲ್ಲಿ ಮೊಸರನ್ನ. ಸಂಜೆ ಒಂದು ಲೋಟ ಕಾಫಿ. ರಾತ್ರಿ ಅರ್ಧ ಮುದ್ದೆ, ಸಾರು. ಖಾರ, ಕರಿದದ್ದು ಬಿಟ್ಟು ಬಹಳ ದಿನಗಳಾಗಿದ್ದವು. ನಡುನಡುವೆ ಏನಾದರೂ ಬಾಯಾಡಿಸುತ್ತೀಯಾ ಎಂದರು. ಏನೂ ಇಲ್ಲ ಎಂದೆ. ಸುಳ್ಳು ಹೇಳಿದ್ದಲ್ಲ. ನನ್ನ ತಲೆಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ.

ಅವರು ಊಟಕ್ಕೆ ಮೊದಲು ತೆಗೆದುಕೊಳ್ಳುವ ಮಾತ್ರೆ ಬರೆದುಕೊಟ್ಟು, ಇಷ್ಟು ಹಿತಮಿತವಾಗಿ ತಿಂದರೂ ಹೀಗಾಗುತ್ತಿದೆಯೆಂದರೆ ಮನಸ್ಸಿನಲ್ಲಿ ಏನೋ ಭಯವಿರಬೇಕು, ಹತ್ತಿರದವರು ಯಾರಾದರೂ ಹೀಗೆ ಹೋದದ್ದುಂಟೇ ಎಂದು ಕೇಳಿದರು. ನಾನು ಇಲ್ಲ ಎಂದೆ. ಇದು ಮಾತ್ರ ಸುಳ್ಳು. ಇಪ್ಪತ್ತು ಜನ ಕಾಯುತ್ತ ಕೂತ ಕೋಣೆಯ ಪಕ್ಕದಲ್ಲಿ, ಅರ್ಧ ತೆರೆದ ಬಾಗಿಲಿನ ಹಿಂದೆ, ದೊಡ್ಡಪ್ಪನ ವಿಷಯವನ್ನು ಹೇಳಲು ನನ್ನಿಂದ ಆಗಲಿಲ್ಲ.

ಮಾತ್ರೆಯಿಂದ ಏನೂ ಆಗಲಿಲ್ಲ. ಅದು ಕೊಬ್ಬರಿ ಒಡೆಯುವ ಕಾಲ. ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸಿ ಜಗಲಿಯ ಮೇಲೆ ಕೂರುತ್ತಿದ್ದೆ. ಕರಟ ಒಡೆಯುವ ಸದ್ದಿಗೆ ನನ್ನ ಎದೆಯ ಸದ್ದು ಕೇಳಿಸುತ್ತಿರಲಿಲ್ಲ ಎಂಬುದೊಂದು ಸಮಾಧಾನ. ಕೈ ಮೊರಕ್ಕೆ ಹೋಗುತ್ತಿತ್ತು, ಬಾಯಿಗೆ ಬರುತ್ತಿತ್ತು. ರಾತ್ರಿ ಮಲಗಿದರೆ ಉರಿ ಗಂಟಲಿಗೆ ಬಂದು, ಎದ್ದು ಗೋಡೆಗೆ ಒರಗಿ ಕೂರುತ್ತಿದ್ದೆ. ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಮೆಟ್ಟಿಲು ಹತ್ತಲು ಭಯ, ಹತ್ತದಿದ್ದರೆ ತರಗತಿ ತಪ್ಪುತ್ತದೆ ಎಂಬ ಭಯ. ರಜೆ ಹಾಕತೊಡಗಿದೆ. ತಲೆನೋವು ಎಂದೆ, ಜ್ವರ ಎಂದೆ, ನೆಂಟರ ಮನೆಯ ಮದುವೆ ಎಂದೆ. ಒಂದು ಮದುವೆಯನ್ನು ಎರಡು ಸಲ ಹೇಳಿದೆನೆಂದು ಕಾಣುತ್ತದೆ, ಕಚೇರಿಯವರು ನಕ್ಕರು.

ಆಮೇಲೆ ಆ ಸೋಮವಾರ. ಎರಡನೆಯ ವರ್ಷದ ತರಗತಿ. ರಾಸಾಯನಿಕ ಕ್ರಿಯೆಗಳ ವೇಗದ ಪಾಠ ಶುರುಮಾಡಿದ್ದೆ. ಬೋರ್ಡಿನ ಮೇಲೆ ಅರ್ಧ ಸಮೀಕರಣ ಬರೆದಿರುವಾಗ ತೇಗು ಬಂತು. ಎದೆ ಹಗುರಾಯಿತು. ಅಷ್ಟೇ ಸಾಕಾಯಿತು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಒಂದು ಮಾತೂ ಹೇಳದೆ ಹೊರಗೆ ನಡೆದೆ. ಸಿಬ್ಬಂದಿ ಕೊಠಡಿಯಲ್ಲಿ ಕುರ್ಚಿಯಿಂದ ಬಿದ್ದರೆ ಪೆಟ್ಟಾಗುತ್ತದೆ ಎಂದು ನೆಲದ ಮೇಲೆ ಕೂತೆ. ಅಟೆಂಡರು ನೋಡಿ ಪ್ರಾಂಶುಪಾಲರನ್ನು ಕರೆತಂದರು.

ಪ್ರಾಂಶುಪಾಲರು ಕೆಟ್ಟವರಲ್ಲ. ನೀರು ತರಿಸಿದರು, ಫ್ಯಾನು ಹಾಕಿಸಿದರು. ನಾನು ಎದ್ದು ಕುರ್ಚಿಯಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದರು.

"ನೋಡಿ ಮೇಡಂ, ಮಕ್ಕಳು ಬಂದು ಕೇಳ್ತಾರೆ, ಈ ಸಲ ಪಾಠ ಮುಗಿಯುತ್ತೋ ಇಲ್ವೋ ಅಂತ. ಆರೋಗ್ಯ ಮೊದಲು, ನಾನು ಬೇಡ ಅನ್ನಲ್ಲ. ಆದ್ರೆ ಈ ಪಾಠ ನೀವು ನಿಂತು ಮುಗಿಸೋಕಾಗಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಗಂಟೆಗಳನ್ನ ಇನ್ನೊಬ್ರಿಗೆ ಕೊಡ್ತೀನಿ."

ಒಂದು ವಾರ ರಜೆ ಕೊಡಿ ಎಂದು ಕೇಳಿದೆ. ಕೊಟ್ಟರು.

ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಆ ತರಗತಿಯ ಹುಡುಗಿಯೊಬ್ಬಳ ಮನೆ ನಮ್ಮ ಪಕ್ಕದ ಊರಿನಲ್ಲಿದೆ. ಅವಳು ಬಸ್ಸಿಳಿದು ಮನೆ ಸೇರುವ ಮೊದಲೇ ಸುದ್ದಿ ನಮ್ಮ ಜಗಲಿಗೆ ಬಂದಿತ್ತು. ಅಮ್ಮ ಅತ್ತಳು. ಅಪ್ಪ ತುಮಕೂರಿಗೆ ಹೋಗೋಣ ಎಂದರು. ನಾನು ಅಲ್ಲಿಗೂ ಹಳೆಯ ವೈದ್ಯರ ಬಳಿಗೂ ಹೋಗಿಬಂದದ್ದನ್ನು ಆಗ ಹೇಳಬೇಕಾಯಿತು, ಅಮ್ಮ ಇನ್ನಷ್ಟು ಅತ್ತಳು. ದೊಡ್ಡಮ್ಮ ಮಾರನೆಯ ಬೆಳಿಗ್ಗೆ ಸೀರೆ ಬದಲಾಯಿಸಿ, ಎಲೆಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಡಿಯೇ, ಆ ಡಾಕ್ಟ್ರ ತಾವ್ಕೇ ಹೋಗಾನ. ನಾನೂ ಬತ್ತೀನಿ. ನೀನು ಹೇಳದೆ ಇರೋದ್ನ ನಾನು ಹೇಳ್ತೀನಿ."

ನನಗೆ ಬೇಡವಾಗಿದ್ದುದು ಅದೇ. ಆದರೂ ಹೋದೆ.

ವೈದ್ಯರ ಹೊರಗಿನ ಕೋಣೆಯಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ದೊಡ್ಡಮ್ಮ ಪಕ್ಕದಲ್ಲಿ ಕೂತವರ ಊರು, ಕುಲ, ಕಾಯಿಲೆ ಎಲ್ಲವನ್ನೂ ವಿಚಾರಿಸಿಕೊಂಡರು. ನಾನು ನಾಡಿ ಹಿಡಿದು ಕೂತದ್ದನ್ನು ಕಂಡು, ಚೀಲ ಬಿಚ್ಚಿ ಒಂದು ಹಿಡಿ ಕೊಬ್ಬರಿ ಚೂರು ನನ್ನ ಅಂಗೈಗೆ ಸುರಿದರು. ಸಣ್ಣವಳಿದ್ದಾಗ ಜಾತ್ರೆಯಲ್ಲಿ, ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಅತ್ತಾಗಲೆಲ್ಲ ಹೀಗೆಯೇ ಸುರಿಯುತ್ತಿದ್ದರು. ನಾನು ತಿನ್ನತೊಡಗಿದೆ. ಕೂಗಿ ಕರೆದಾಗ ಬಾಯಿ ತುಂಬಿತ್ತು.

ವೈದ್ಯರು ನನ್ನ ಮುಖ ನೋಡಿ, ಮಾತ್ರೆ ನಾಟಿತೇ ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ನೋಡಿದರು.

"ಏನಮ್ಮ ಅದು ಬಾಯಲ್ಲಿ?"

"ಏನಿಲ್ಲ ಸರ್," ಎಂದೆ. "ಕೊಬ್ಬರಿ."

ಅವರು ಪೆನ್ನು ಕೆಳಗಿಟ್ಟರು. ಹೋದ ಸಲ ನಡುವೆ ಏನೂ ತಿನ್ನಲ್ಲ ಎಂದೆಯಲ್ಲ ಎಂದು ಕೇಳಿದರು. ಹೌದು, ಏನೂ ತಿನ್ನುವುದಿಲ್ಲ ಎಂದು ನಾನು ಆಗಲೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಕೇಳಿಸಿತು. ದಿನಕ್ಕೆ ಎಷ್ಟಾಗಬಹುದು ಎಂದು ಕೇಳಿದರು. ಪ್ರಯೋಗಾಲಯದಲ್ಲಿ ಮಿಲಿಗ್ರಾಂವರೆಗೆ ತೂಗುವ ನಾನು ಬೆರಳು ಮಡಚಿ ಎಣಿಸತೊಡಗಿದೆ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ, ಬಸ್ಸಿನಲ್ಲಿ, ತರಗತಿಯಿಂದ ತರಗತಿಗೆ ಹೋಗುವಾಗ, ಸಂಜೆ ಜಗಲಿಯ ಮೇಲೆ, ರಾತ್ರಿ ಉರಿಯಿಂದ ಎದ್ದು ಕೂತಾಗ ಕೂಡ. ದಿನಕ್ಕೊಂದು ಉಂಡೆಯಾದರೂ ಆಗುತ್ತಿತ್ತು. ನೋವು ಬಂದಷ್ಟೂ ಹೆಚ್ಚು ತಿನ್ನುತ್ತಿದ್ದೆ.

"ಅಷ್ಟು ಎಣ್ಣೆ ಹೊಟ್ಟೇಲಿಟ್ಕೊಂಡು ಮಲಗಿದ್ರೆ ಉರಿ ಬರದೆ ಇನ್ನೇನಮ್ಮ ಬರುತ್ತೆ? ಈ ಊರಿನವರೆಲ್ಲ ಇದೊಂದನ್ನ ಹೇಳಲ್ಲ. ಕೇಳಿದ್ರೆ ಏನಿಲ್ಲ ಅಂತೀರಿ."

ದೊಡ್ಡಮ್ಮನಿಗೆ ಅದು ಸರಿಬರಲಿಲ್ಲ.

"ಕೊಬ್ರಿ ತಿಂದು ಎದೆನೋವು ಬರೋದಾಗಿದ್ರೆ ಈ ಸೀಮೇಲಿ ಒಬ್ರೂ ಉಳೀತಿರ್ಲಿಲ್ಲ ಬುಡಿ ಸ್ವಾಮಿ. ನಂಗೆ ಬಂದೈತಾ?"

"ನೀವು ದಿನಾ ಹೊಲ ತೋಟ ಅಂತ ಓಡಾಡ್ತೀರಿ. ಜೊತೆಗೆ ನೀವು ಹೆದರಿಲ್ಲ," ಎಂದು ವೈದ್ಯರು ನನ್ನ ಕಡೆ ತಿರುಗಿದರು. "ಇವಳು ಹೆದರಿದ್ದಾಳೆ. ಯಾರನ್ನು ನೋಡಿ ಹೆದರಿದ್ದು ಅಂತ ಕೇಳಿದ್ರೆ ಯಾರೂ ಇಲ್ಲ ಅಂದ್ಲು."

ನಾನು ನೆಲ ನೋಡಿದೆ. ದೊಡ್ಡಮ್ಮ ಎಲೆಅಡಿಕೆಯ ಚೀಲದ ದಾರ ಎಳೆದು ಕಟ್ಟಿದರು.

"ನಮ್ಮನೆಯವರನ್ನ," ಎಂದರು. "ಗ್ಯಾಸು ಅಂದ್ರು. ಸೋಡಾ ಕೊಟ್ಟವಳು ನಾನು. ಹೆದರ್ಕಂಡು ಕೂತಿರೋಳು ಇವಳು."

ಆ ಮಾತು ದೊಡ್ಡಮ್ಮನ ಬಾಯಿಂದ ಬಂದದ್ದು ಅದೇ ಮೊದಲು. ಬಾಗಿಲು ಅರ್ಧ ತೆರೆದೇ ಇತ್ತು. ಹೊರಗಿನವರು ಕೇಳಿಸಿಕೊಂಡಿರಬೇಕು. ನನ್ನ ಕೆನ್ನೆ ಬಿಸಿಯಾಯಿತು, ಆದರೆ ಅದರ ಹಿಂದೆಯೇ ನನ್ನ ಮಾತೂ ಬಂತು. ನನಗೂ ಹಾಗೇ ಆಗುತ್ತದೆ, ಪಾಠ ಮಾಡುತ್ತ ಮಾಡುತ್ತಲೇ ಆಗುತ್ತದೆ, ಅದಕ್ಕೇ ತರಗತಿಗೆ ಹೋಗಲು ಆಗುತ್ತಿಲ್ಲ ಎಂದೆ. ಹೇಳಿದ್ದು ಇಷ್ಟೇ. ಹೇಳಲು ಎಷ್ಟೋ ತಿಂಗಳು ಬೇಕಾಯಿತು.

ವೈದ್ಯರು ಸಮಾಧಾನದ ಮಾತು ಆಡಲಿಲ್ಲ. ಎರಡು ಬೇರೆ ಬೇರೆ ತೊಂದರೆಗಳು ಒಂದೇ ಕಡೆ ನೋಯುತ್ತಿವೆ ಎಂದರು. ಕೊಬ್ಬರಿ ಬಿಟ್ಟು, ರಾತ್ರಿ ಬೇಗ ಉಂಡು ಮಾತ್ರೆ ತೆಗೆದುಕೊಂಡರೆ ಹೊಟ್ಟೆಯದು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಇನ್ನೊಂದು ಅಷ್ಟು ಬೇಗ ಇಳಿಯುವುದಿಲ್ಲ, ಅದಕ್ಕೆ ತುಮಕೂರಿನಲ್ಲಿ ಮನಸ್ಸಿನ ವೈದ್ಯರನ್ನು ನೋಡಬೇಕು ಎಂದರು. ಹೋಗುತ್ತೇನೆ ಎಂದೆ.

ಕೊಬ್ಬರಿ ಬಿಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಸುಮ್ಮನೆ ಕೂತರೆ ಕೈ ಮೊರದ ಕಡೆ ಹೋಗಿರುತ್ತಿತ್ತು. ಅರ್ಧ ದಾರಿಯಲ್ಲಿ ಎಚ್ಚರವಾಗಿ ವಾಪಸು ತೆಗೆದುಕೊಳ್ಳುತ್ತಿದ್ದೆ. ಕಾಯಿ ಒಡೆಯಲು ಬರುವ ಹೆಂಗಸರು, ನಾವು ಮುಟ್ಟಿದ್ದು ಓದಿದವರಿಗೆ ಆಗಲ್ಲವೇನೋ ಎಂದು ಚುಚ್ಚಿದರು. ನೆಂಟರ ಮನೆಯಲ್ಲಿ ಕೊಟ್ಟ ಕೊಬ್ಬರಿ ಬೆಲ್ಲ ಬೇಡವೆಂದಾಗ ಅಮ್ಮ ನನ್ನ ಪರವಾಗಿ ಕ್ಷಮೆ ಕೇಳಬೇಕಾಯಿತು. ಅಲ್ಲಿಂದ ಬರಿ ಬಾಯಲ್ಲಿ ಬಸ್ಸಿನಲ್ಲಿ ಬಂದದ್ದು ಬರಿಗೈಯಲ್ಲಿ ಕತ್ತಲೆಯಲ್ಲಿ ನಡೆದಂತಿತ್ತು.

ಆದರೆ ಅವರು ಹೇಳಿದ್ದು ನಿಜವಾಯಿತು. ಮೂರನೆಯ ದಿನದ ಹೊತ್ತಿಗೆ ಉರಿ ಇಳಿಯತೊಡಗಿತು. ವಾರದ ಕೊನೆಗೆ ಗಂಟಲಿಗೆ ಹುಳಿ ಬರುವುದು ನಿಂತಿತ್ತು. ಅಮ್ಮ ಮನೆದೇವರಿಗೆ ಹಣ್ಣುಕಾಯಿ ಮಾಡಿಸಿದಳು. ನನ್ನ ಸ್ಥಿತಿ ಮಾತ್ರ ಹಿಂದಿಗಿಂತ ಕೆಟ್ಟಿತು. ಏಕೆಂದರೆ ಎಡಗಡೆಯ ಬಿಗಿತ ಹಾಗೇ ಉಳಿದಿತ್ತು. ಮೊದಲಾದರೂ ಇದು ಹೊಟ್ಟೆಯದಿರಬಹುದು ಎಂದುಕೊಳ್ಳಲು ಒಂದು ದಾರಿ ಇತ್ತು. ಈಗ ಹೊಟ್ಟೆ ಸರಿಹೋಗಿದೆ. ಉಳಿದದ್ದೆಲ್ಲ ಹೃದಯವೇ ಎಂದು ನನ್ನ ಲೆಕ್ಕ ಹೇಳಿತು. ಭಯದಿಂದಲೂ ಬರುತ್ತದೆ ಎಂದು ವೈದ್ಯರು ಹೇಳಿದ್ದರು. ಭಯ ಬಿಗಿಯುತ್ತದೆ, ಬಿಗಿತ ಭಯ ತರುತ್ತದೆ ಎಂದು ನಾನೂ ಬಿಡಿಸಿ ನೋಡಬಲ್ಲೆ. ಬಿಡಿಸಿ ನೋಡಿದ ಮೇಲೂ ಅದು ಬಿಗಿದೇ ಇತ್ತು.

ನಾನು ಕೇಳಿಕೊಂಡ ವಾರ ಮುಗಿಯುವ ಭಾನುವಾರ ಸಂಜೆ, ಪಾತ್ರೆ ತೊಳೆಯಲು ನೀರಿನ ತೊಟ್ಟಿಯ ಹತ್ತಿರ ಹೋದವಳು ಎದೆ ಹಿಡಿದುಕೊಂಡಂತಾಗಿ ಅಲ್ಲೇ ಕುಕ್ಕರಿಸಿದೆ. ಹಸುವಿಗೆ ಹುಲ್ಲು ಹಾಕುತ್ತಿದ್ದ ದೊಡ್ಡಮ್ಮ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ನಾನು ನಾಳೆ ಕಾಲೇಜಿಗೆ ಹೋಗುವುದಿಲ್ಲ, ಗಂಟೆಗಳನ್ನು ಬಿಟ್ಟುಬಿಡುತ್ತೇನೆ, ಪ್ರಾಂಶುಪಾಲರಿಗೆ ಫೋನ್ ಮಾಡುತ್ತೇನೆ ಎಂದೆ. ಮನೆಯಲ್ಲೇ ಇದ್ದರೆ ಯಾರಾದರೂ ಹತ್ತಿರ ಇರುತ್ತಾರೆ ಎಂದೆ.

ದೊಡ್ಡಮ್ಮ ಹುಲ್ಲನ್ನು ಅಲ್ಲೇ ಬಿಸಾಡಿ ಬಂದರು. ನನ್ನ ತಲೆ ಸವರುತ್ತಾರೆಂದುಕೊಂಡೆ.

"ಇಲ್ಲಿ ಕೂರಬ್ಯಾಡ, ಏಳು," ಎಂದರು. "ಸಾಯೋಳಾದ್ರೆ ಪಾಠ ಮಾಡ್ತಾ ಸಾಯಿ ಹೋಗು. ಈ ತೊಟ್ಟಿ ಹತ್ರ ಇನ್ನೊಬ್ಬರನ್ನ ನಾನು ಎತ್ತಲ್ಲ ಕಣೇ. ನನ್ ಕೈಲಾಗಲ್ಲ."

ಅಷ್ಟು ಹೇಳಿ, ನಾನು ಏಳುವವರೆಗೂ ನಿಂತಿದ್ದು, ನನ್ನ ಕೈಯ ಪಾತ್ರೆ ಕಿತ್ತುಕೊಂಡು ತಾವೇ ತೊಳೆಯತೊಡಗಿದರು. ನನಗೆ ಸಿಟ್ಟು ಬಂತು. ಇಷ್ಟು ಕ್ರೂರವಾಗಿ ನನ್ನೊಂದಿಗೆ ಯಾರೂ ಮಾತಾಡಿರಲಿಲ್ಲ. ಒಳಗೆ ಹೋಗಿ ಚಾಪೆಯ ಮೇಲೆ ಕೂತ ಮೇಲೆ ತಿಳಿಯಿತು: ಅವರು ದಿನವೂ ಅದೇ ತೊಟ್ಟಿಯಲ್ಲಿ ಪಾತ್ರೆ ತೊಳೆಯುತ್ತಾರೆ, ಕಾಲು ತೊಳೆಯುತ್ತಾರೆ, ಬೇರೆ ತೊಟ್ಟಿ ನಮ್ಮ ಮನೆಯಲ್ಲಿಲ್ಲ. ಪ್ರಾಂಶುಪಾಲರಿಗೆ ಫೋನ್ ಮಾಡಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಮುಂದಿನ ಸೀಟು ಸಿಗಲಿಲ್ಲ. ನಿಂತುಕೊಂಡೇ ಹೋದೆ. ಕಾಲೇಜಿನ ಮೆಟ್ಟಿಲಲ್ಲಿ ಬಿಗಿತ ಶುರುವಾಯಿತು. ತರಗತಿಯ ಬಾಗಿಲಲ್ಲಿ ಎಡಗೈ ಭಾರವಾಯಿತು. ಹುಡುಗರು ಎದ್ದು ನಿಂತರು, ಕೂರಿ ಎಂದೆ. ಹೋದ ವಾರ ಅರ್ಧಕ್ಕೆ ಬಿಟ್ಟದ್ದನ್ನು ಮೊದಲಿನಿಂದ ಬರೆಯತೊಡಗಿದೆ. ಎರಡನೆಯ ಸಾಲಿಗೆ ಬರುವಾಗ ಉಸಿರು ನಿಂತಂತಾಯಿತು. ಬಾಗಿಲು ನನ್ನ ಬಲಗಡೆಗಿತ್ತು. ತೆರೆದಿತ್ತು.

ನಾನು ಮೇಜನ್ನು ಹಿಡಿದುಕೊಂಡೆ. ಹುಡುಗರ ಕಡೆ ತಿರುಗಿ, ನನಗೆ ಆಗಾಗ ಎದೆ ನೋಯುತ್ತದೆ, ಹೋಗುವವರೆಗೆ ನಿಲ್ಲುತ್ತೇನೆ, ನೀವು ಬರೆದುಕೊಳ್ಳಿ ಎಂದೆ. ಇಷ್ಟನ್ನು ಅಷ್ಟು ಜನರ ಮುಂದೆ ಹೇಳುತ್ತೇನೆಂದು ನಾನು ಎಣಿಸಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಏನೋ ಗೊಣಗಿ ಸುಮ್ಮನಾದರು. ಪಕ್ಕದ ಊರಿನ ಆ ಹುಡುಗಿ ಕೇಳಿದಳು.

"ಮಿಸ್, ಗ್ಯಾಸ್ಟ್ರಿಕ್ಕಾ?"

"ಅದು ಹೋಯ್ತು," ಎಂದೆ. "ಇದು ಬೇರೆ."

ಅವಳು ತಲೆಯಾಡಿಸಿ ಬರೆಯತೊಡಗಿದಳು. ನಾನು ನಿಂತೇ ಇದ್ದೆ. ಬಿಗಿತ ಹೋಗಲಿಲ್ಲ. ಹೋಗುವವರೆಗೆ ಕಾದರೆ ಗಂಟೆ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ, ಅದನ್ನು ಇಟ್ಟುಕೊಂಡೇ ಬೋರ್ಡಿಗೆ ತಿರುಗಿ ಮುಂದಿನ ಸಾಲು ಬರೆದೆ. ದನಿ ನಡುಗುತ್ತಿತ್ತು. ಬೆನ್ನು ಪೂರ್ತಿ ಒದ್ದೆಯಾಗಿತ್ತು. ಪ್ರತಿ ಸಾಲಿನ ಕೊನೆಗೂ ಇದೇ ಕೊನೆಯ ಸಾಲು ಎಂದುಕೊಂಡೆ.

ಗಂಟೆ ಹೊಡೆಯಿತು. ಪ್ರಾಂಶುಪಾಲರು ಮಧ್ಯಾಹ್ನದ ಪ್ರಯೋಗಾಲಯದ ಗಂಟೆಗಳನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟುಬಿಟ್ಟಿದ್ದರು. ನನಗೆ ಬೆಳಗಿನ ಪಾಠ ಮಾತ್ರ ಉಳಿಸಿದ್ದರು. ಕೇಳಿದಾಗ ನನಗೆ ಅಳು ಬಂತು, ಆದರೆ ಅವರ ಮುಂದೆ ಅಳಲಿಲ್ಲ. ತುಮಕೂರಿನ ವೈದ್ಯರನ್ನು ನೋಡಲು ಅಪ್ಪ ದಿನ ಗೊತ್ತುಮಾಡಿದ್ದಾರೆ. ಬಿಗಿತ ಈಗಲೂ ಬರುತ್ತದೆ, ವಾರದಲ್ಲಿ ಬಾರದ ದಿನಗಳು ಕಡಿಮೆ.

ಆ ಪಾಠದ ಮಾರನೆಯ ದಿನ ತರಗತಿಗೆ ಹೋದಾಗ ಒಬ್ಬ ಹುಡುಗ ಎದ್ದುನಿಂತು, ನಿನ್ನೆ ಬರೆಸಿದ ನಾಲ್ಕನೆಯ ಸಾಲಿನಿಂದ ಲೆಕ್ಕ ಹೊಂದುತ್ತಿಲ್ಲ ಎಂದ. ನೋಡಿದೆ. ಮೈನಸ್ ಚಿಹ್ನೆಯನ್ನು ಬಿಟ್ಟಿದ್ದೆ. ಅಂಥ ತಪ್ಪನ್ನು ನಾನು ಬೋರ್ಡಿನ ಮೇಲೆ ಎಂದೂ ಮಾಡಿದವಳಲ್ಲ. ಎಲ್ಲರೂ ಅದನ್ನು ಹೊಡೆದುಹಾಕಿ ಎಂದು ಹೇಳಿ, ಎದೆ ಹಿಡಿದುಕೊಂಡಿದ್ದಂತೆಯೇ ನಾಲ್ಕನೆಯ ಸಾಲಿನಿಂದ ಮತ್ತೆ ಬರೆಸಿದೆ.